ತಪ್ಪು ಬಾಗಿಲಿಗೆ ಹೋಗುವ ಎಲೆಕ್ಟ್ರಾನು

ಸೋಲಾರ್ ಸೆಲ್ ಅಂದ್ರೆ ನಮಗೆಲ್ಲ ನೆನಪಾಗೋದು ತಾರಸಿ ಮೇಲಿನ ನೀಲಿ ಸಿಲಿಕಾನ್ ಹಲಗೆ. ಪ್ಲಾಸ್ಟಿಕ್ಕಿನಂಥ ಇಂಗಾಲದ ವಸ್ತುಗಳನ್ನ ಶಾಯಿಯ ಹಾಗೆ ಕರಗಿಸಿ, ಹಾಳೆ ಮೇಲೆ ಬಳಿದು ಮಾಡೋ ಸೆಲ್‌ಗಳೂ ಇವೆ. ಅದರಲ್ಲಿ ಬೆಳಕು ಹೀರುವ ಪದರ ಸುಮಾರು 100 ನ್ಯಾನೋಮೀಟರ್ ದಪ್ಪ. ನಮ್ಮ ತಲೆಕೂದಲು ಅದರ ನೂರಾರು ಪಟ್ಟು ದಪ್ಪ. ನನ್ನ ಚಿಕ್ಕಪ್ಪನ ಮಗಳು ಜರ್ಮನಿಯ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡ್ತಿರೋದು ಆ ಪದರದ ಬಗ್ಗೆ ಕೂಡ ಅಲ್ಲ. ಅದರ ಪಕ್ಕದಲ್ಲಿರೋ, ಅದಕ್ಕಿಂತಲೂ ತೆಳುವಾದ ಇನ್ನೊಂದು ಪದರದ ಬಗ್ಗೆ. ಅದನ್ನ ಬಾಗಿಲು ಅಂತ ಕರೆಯೋಣ.

1986ರಲ್ಲಿ ಕೊಡ್ಯಾಕ್ ಕಂಪನಿಯ ಚಿಂಗ್ ಟ್ಯಾಂಗ್ ಎರಡು ಬೇರೆಬೇರೆ ಸಾವಯವ ಪದರಗಳನ್ನ ಒಂದರ ಮೇಲೊಂದು ಇಟ್ಟು, ಸುಮಾರು ಶೇಕಡ 1ರಷ್ಟು ದಕ್ಷತೆಯ ಸೆಲ್ ಮಾಡಿ ತೋರಿಸಿದರು. ಇಂಥ ವಸ್ತುಗಳಲ್ಲಿ ಬೆಳಕು ಬಿದ್ದ ತಕ್ಷಣ ಕರೆಂಟು ಹುಟ್ಟೋದಿಲ್ಲ. ಎಲೆಕ್ಟ್ರಾನು ಮತ್ತು ಅದು ಬಿಟ್ಟುಹೋದ ಖಾಲಿ ಜಾಗ, ಅಂದ್ರೆ ಹೋಲ್, ಎರಡೂ ಅಂಟಿಕೊಂಡೇ ಇರ್ತವೆ. ಎರಡು ವಸ್ತುಗಳು ಕೂಡುವ ಗಡಿಗೆ ಬಂದರಷ್ಟೇ ಬೇರೆಯಾಗೋದು. ಆದರೆ ಈ ಜೋಡಿ ನಡೆಯಬಲ್ಲದ್ದು ಹತ್ತಿಪ್ಪತ್ತು ನ್ಯಾನೋಮೀಟರ್ ಅಷ್ಟೇ, ಆಮೇಲೆ ಖಲಾಸ್. ಅದಕ್ಕೇ 1995ರ ಹೊತ್ತಿಗೆ ಅಲನ್ ಹೀಗರ್ ಅವರ ಗುಂಪು ಎರಡೂ ವಸ್ತುಗಳನ್ನ ಕಲಸಿಬಿಡ್ತು. ಅವಲಕ್ಕಿ ಮೊಸರು ಕಲಸಿದ ಹಾಗೆ ಎಲ್ಲಿ ನೋಡಿದರೂ ಗಡಿ. ಕರೆಂಟು ಜಾಸ್ತಿಯಾಯ್ತು.

ಆದರೆ ಕಲಸಿದ್ದರಿಂದ ಹೊಸ ತಲೆನೋವೊಂದು ಬಂತು ನೋಡಿ. ಟ್ಯಾಂಗ್ ಸೆಲ್ಲಿನಲ್ಲಿ ಒಂದು ವಸ್ತು ಒಂದು ಎಲೆಕ್ಟ್ರೋಡಿಗೆ ಮಾತ್ರ ತಾಗಿತ್ತು, ಇನ್ನೊಂದು ಮತ್ತೊಂದಕ್ಕೆ. ಕಲಸಿದ ಮೇಲೆ ಎರಡೂ ವಸ್ತು ಎರಡೂ ಕಡೆ ತಾಗ್ತವೆ. ಹೋಲ್ ಹೋಗಬೇಕಾದ ಬಾಗಿಲಿಗೆ ಎಲೆಕ್ಟ್ರಾನು ಹೋಗಿ, ಅಲ್ಲೇ ಹೋಲ್ ಜೊತೆ ಸೇರಿ ಸತ್ತುಹೋಗುತ್ತೆ. ವೋಲ್ಟೇಜೂ ಇಳಿಯುತ್ತೆ. ಅಷ್ಟು ಕಷ್ಟಪಟ್ಟು ಬೇರೆ ಮಾಡಿದ್ದೆಲ್ಲ ಹೊಸಿಲಲ್ಲಿ ನೀರುಪಾಲು!

ನಮ್ಮ ಮಲೆನಾಡಿನ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತೆ. ತೋಟದ ಬೇಲಿಗೆ ತಡಮೆ ಇರುತ್ತೆ. ಮನುಷ್ಯರು ಕಾಲೆತ್ತಿ ದಾಟಬಹುದು, ದನ ದಾಟಲಾರದು. ಗೋಡೆ ಕಟ್ಟಿದ್ರೆ ನಾವೂ ಹೋಗೋ ಹಾಗಿಲ್ಲ, ಬಯಲು ಬಿಟ್ಟರೆ ದನ ಒಳಗೆ. ಸತುವಿನ ಆಕ್ಸೈಡು ಇಂಥದ್ದೇ ಒಂದು ತಡಮೆ. ಅದರ ಶಕ್ತಿಮಟ್ಟಗಳು ಹೇಗಿವೆ ಅಂದ್ರೆ ಎಲೆಕ್ಟ್ರಾನು ಸಲೀಸಾಗಿ ದಾಟುತ್ತೆ, ಹೋಲಿಗೆ ದಾಟಲು ಆಗೋಲ್ಲ. ಆಚೆ ಕಡೆಗೆ ಮಾಲಿಬ್ಡಿನಮ್ ಆಕ್ಸೈಡು ಹಾಕಿ ಹೋಲ್‌ಗಳನ್ನ ಹೊರಗೆ ತೆಗೀತಾರೆ. ಮೊದಲೆಲ್ಲ ಅಲ್ಲಿ ಪೆಡಾಟ್ ಅನ್ನೋ ಪಾಲಿಮರ್ ಹಾಕ್ತಿದ್ರು, ಈಗಲೂ ಹಾಕೋರಿದಾರೆ. ಅದರ ಆಮ್ಲ ಕೆಳಗಿನ ಎಲೆಕ್ಟ್ರೋಡನ್ನೇ ತಿನ್ನುತ್ತೆ.

ಚಿಕ್ಕಪ್ಪನಿಗೆ ಇದ್ಯಾವುದೂ ಬೇಡ. "ಮೂರು ವರ್ಷ ಆತು, ಒಂದು ಪ್ಯಾನೆಲ್ ಮಾಡಕ್ಕಾಗ್ಲಿಲ್ವಾ ಇವ್ಳಿಗೆ? ನಿನ್ ಕಂಪನೀಲೇ ಒಂದು ಕೆಲಸ ನೋಡು, ವಾಪಸ್ ಬಾ ಅಂತ ನೀನೇ ಹೇಳು" ಅಂದರು ಫೋನಲ್ಲಿ. ಅವಳ ಫೆಲೋಶಿಪ್ಪಿಗೆ ಉಳಿದಿರೋದು ಒಂದು ವರ್ಷ. ಕೋಡ್ ಬರೆಯೋಕೆ ಬರುತ್ತೆ, ಕೆಲಸ ಸಿಕ್ಕೇ ಸಿಗುತ್ತೆ. ಹೇಳೋದಕ್ಕೆ ಮೊದಲು ಅವಳು ಯಾಕೆ ಸಿಕ್ಕಿಕೊಂಡಿದಾಳೆ ಅಂತ ತಿಳ್ಕೊಳ್ಳೋಣ ಅಂತ ಭಾನುವಾರ ವಿಡಿಯೋ ಕಾಲ್ ಮಾಡಿದೆ.

ಅವಳು ಒಂದು ಗ್ರಾಫ್ ತೋರಿಸಿದಳು. ಒಳ್ಳೆಯ ಸೆಲ್ಲಿನ ಕರೆಂಟು-ವೋಲ್ಟೇಜ್ ಗೆರೆ ಮೊಣಕೈ ಮಡಚಿದ ಹಾಗಿರುತ್ತೆ. ಅವಳದ್ದು ಹಾವಿನ ಹಾಗೆ ಡೊಂಕು. ಬಾಗಿಲು ಬಿಗಿಯಾಗಿದೆ, ಎಲೆಕ್ಟ್ರಾನುಗಳು ಹಿಂದೆ ಜಮಾಯಿಸಿವೆ ಅಂತ ಅರ್ಥ. ಸತುವಿನ ಆಕ್ಸೈಡಿನ ಮೇಲೆ ಅಂಟಿದ ಆಮ್ಲಜನಕ ಎಲೆಕ್ಟ್ರಾನನ್ನ ಹಿಡಿದಿಟ್ಟುಕೊಳ್ಳುತ್ತಂತೆ. ಸ್ವಲ್ಪ ಹೊತ್ತು ಅತಿನೇರಳೆ ಬೆಳಕಿಗೆ ಇಟ್ಟರೆ ಆಮ್ಲಜನಕ ಬಿಟ್ಟುಹೋಗಿ ಗೆರೆ ನೆಟ್ಟಗಾಗುತ್ತೆ.

"ಹಾಗಾದ್ರೆ ಇಡು ಮಾರಾಯ್ತಿ, ಮುಗೀತಲ್ಲ!" ಅಂದೆ.

ಮುಗಿಯೋದಿಲ್ಲವಂತೆ. ಅದೇ ಅತಿನೇರಳೆ ಬೆಳಕಿನಲ್ಲಿ ಸತುವಿನ ಆಕ್ಸೈಡು ಪಕ್ಕದ ಸಾವಯವ ಅಣುಗಳನ್ನೇ ಒಡೆಯುತ್ತೆ, ಮುಖ್ಯವಾಗಿ ಈಗಿನ ಹೊಸ ಅಣುಗಳನ್ನ. ಅವು ಬಂದಮೇಲೆಯೇ ದಕ್ಷತೆ ಶೇಕಡ 15 ದಾಟಿ ಮೇಲೇರಿದ್ದು. ಅತಿನೇರಳೆ ತಡೆಯೋ ಫಿಲ್ಟರ್ ಹಾಕಿದ್ರೆ ಅಣು ಉಳಿಯುತ್ತೆ, ಬಾಗಿಲು ತೆರೆಯೋಲ್ಲ. ತೆಗೆದರೆ ಬಾಗಿಲು ತೆರೆಯುತ್ತೆ, ಒಳಗಿರೋದು ಸಾಯುತ್ತೆ. ಇದನ್ನ ಚಿಕ್ಕಪ್ಪನಿಗೆ ಹೇಳಿದಾಗ ಅವರು, "ಬಿಸಿಲಿಗಿಟ್ರೆ ಹಾಳಾಗೋ ಸೋಲಾರ್ ಯಾರಿಗೆ ಬೇಕಾ?" ಅಂದರು. ಅವಳಿಗೆ ಅದನ್ನ ತಲುಪಿಸಿದೆ. ತುಂಬಾ ಹೊತ್ತು ನಕ್ಕು, "ನನ್ ಥೀಸಿಸ್ ಕಮಿಟೀಲಿ ಕೇಳಿದ್ದೂ ಅದೇ" ಅಂದಳು. ನಂಗೆ ನಗು ಬರಲಿಲ್ಲ.

ಈಗ ಅವಳು ಸತು ಬಿಟ್ಟು ತವರದ ಆಕ್ಸೈಡಿಗೆ ಹೊರಳಿದಾಳೆ. ಅದು ಅತಿನೇರಳೆಯನ್ನ ಕಮ್ಮಿ ಹೀರುತ್ತೆ, ಅಣುಗಳನ್ನ ಅಷ್ಟಾಗಿ ಒಡೆಯೋದಿಲ್ಲ. ಆದರೆ ಅದರ ಮೇಲ್ಮೈಯಲ್ಲೂ ಎಲೆಕ್ಟ್ರಾನು ಬೀಳೋ ಗುಂಡಿಗಳಿವೆ, ಮುಚ್ಚಬೇಕು. ಲ್ಯಾಬಿನಲ್ಲಿ ಹನ್ನೆರಡು ಸೆಲ್ಲುಗಳು ದೀಪದ ಕೆಳಗಿವೆ, ದಿನಕ್ಕೊಂದು ಸಲ ಗೆರೆ ಅಳೀತಾಳೆ.

ಚಿಕ್ಕಪ್ಪನಿಗೆ ಈ ವರ್ಷ ಕೆಲಸ ನೋಡೋದಿಲ್ಲ ಅಂತ ಹೇಳಿದೀನಿ. ಸಿಟ್ಟಾಗಿದಾರೆ, ಹಬ್ಬಕ್ಕೆ ಕರೆದೂ ಇಲ್ಲ. ನಿನ್ನೆ ಅವಳಿಂದ ಮೆಸೇಜ್ ಬಂತು: ಎಂಟನೇ ದಿನ, ಹನ್ನೆರಡರಲ್ಲಿ ಒಂಬತ್ತರ ಗೆರೆ ಇನ್ನೂ ನೆಟ್ಟಗಿದೆ.