ಪುಚ್ಚೆ ಅಂದರೂ ಸರಿ

ಅಕ್ಕ ಫೋನ್ ಮಾಡಿದಾಗ ನಾನು ರಾತ್ರಿ ಪಾಳಿಯಲ್ಲಿದ್ದೆ. ಪುಟ ಮುಗಿಸುವ ಗಡಿಬಿಡಿ. "ಬರುವ ವರ್ಷಕ್ಕೆ ಬೇರೆ ಶಾಲೆ ನೋಡಿ ಅಂದ್ರು" ಅಂದಳು. ಅಷ್ಟೇ. ಅಳಲೂ ಇಲ್ಲ. ಅಕ್ಕ ಅಳದೆ ಮಾತಾಡಿದರೆ ನನಗೆ ಹೆದರಿಕೆ ಜಾಸ್ತಿ.

ಅವಳ ಮಗ ಆಗ ನಾಲ್ಕನೇ ಕ್ಲಾಸು. ಇಲ್ಲಿ ಅವನನ್ನು ಪುಟ್ಟ ಅಂತಲೇ ಬರೆಯುತ್ತೇನೆ, ಈಗ ಹಾಗೆ ಕರೆದರೆ ಅವನಿಗೆ ಸಿಟ್ಟು ಬರುತ್ತದೆ. ಕಾಪು ಹತ್ತಿರದ ನಮ್ಮ ಮನೆಯಿಂದ ಬೆಳಿಗ್ಗೆ ವ್ಯಾನಿನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿದ್ದ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಅರ್ಧ ತುಳು ಅರ್ಧ ಕನ್ನಡ. ಓದು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅಂದರೆ ಸೋಮಾರಿತನದ ಮಾತಲ್ಲ. ಸಂಜೆ ಕಲಿತ ಶಬ್ದ ಬೆಳಿಗ್ಗೆಗೆ ಹೊಸದಾಗಿರುತ್ತಿತ್ತು. ಆದರೆ ನಾವೆಲ್ಲ ಅದನ್ನು ಸೋಮಾರಿತನ ಅಂತಲೇ ತಿಳಿದುಕೊಂಡಿದ್ದೆವು. ನಾನೂ ಕೂಡ. ಒಂದು ಮೇ ರಜೆಯಲ್ಲಿ ಊರಿಗೆ ಬಂದವ, ಒಂದೇ ಇಂಗ್ಲಿಷ್ ಶಬ್ದವನ್ನು ಐವತ್ತು ಸಲ ಬರೆಸಿ, ಐವತ್ತೊಂದನೇ ಸಲ ತಪ್ಪಿದಾಗ ಸ್ಕೇಲಿನಲ್ಲಿ ಕೈಗೆ ಬಾರಿಸಿದ್ದೆ. ತುಳುವರ ಮನೆಯಲ್ಲಿ ತಮ್ಮಲೆ, ಅಂದರೆ ಸೋದರಮಾವ, ಅಂದರೆ ಏನು ಅಂತ ನಿಮಗೆ ಗೊತ್ತಲ್ಲ. ಅಧಿಕಾರ ಜಾಸ್ತಿ. ಆ ಅಧಿಕಾರವನ್ನು ನಾನು ಹಾಗೆ ಬಳಸಿದ್ದೆ.

ಅಮ್ಮ ಪ್ರಶ್ನೆ ಇಡಿಸಿದ್ದರು. ನಾಗನಿಗೆ ತಂಬಿಲವೂ ಆಯಿತು. ಅದರ ಬಗ್ಗೆ ನನಗೆ ತಕರಾರಿಲ್ಲ. ಮನೆಯ ಎಲ್ಲರೂ ಒಂದು ದಿನ ಆ ಹುಡುಗನಿಗಾಗಿ ಒಟ್ಟಿಗೆ ನಿಂತರು, ಅವನ ಮೇಲೆ ಬೊಬ್ಬೆ ಹಾಕಲಿಲ್ಲ. ಆ ಒಂದು ದಿನ ಅವನು ಖುಷಿಯಾಗಿದ್ದ ಅಂತ ಅಕ್ಕ ಈಗಲೂ ಹೇಳುತ್ತಾಳೆ.

ಶಾಲೆಯವರು ಟಿ.ಸಿ. ಮಾತು ತೆಗೆಯುವ ಮೊದಲು ಒಂದು ರಿಪೋರ್ಟ್ ಮಾಡಿಸಿ ತನ್ನಿ ಅಂದಿದ್ದರು. ಎಲ್ಲಿಗೆ ಹೋಗಬೇಕು ಅಂತ ಅವರೇ ಹೇಳಿದ್ದರು. ಅಕ್ಕ ಹೋದಳು. ಅಪ್ಪ ಅಮ್ಮ ಹೊರಗೆ ಕೂರಬೇಕು, ಹುಡುಗ ಮಾತ್ರ ಒಳಗೆ. ಮುಕ್ಕಾಲು ಗಂಟೆ. ಕೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ಆಮೇಲೆ ಎರಡು ಪುಟದ ಕಾಗದ ಬಂತು: ಬುದ್ಧಿಮಟ್ಟ ಕಡಿಮೆ, ಸಾಮಾನ್ಯ ಶಾಲೆಗೆ ಹೊಂದಿಕೊಳ್ಳುವುದು ಕಷ್ಟ. ಆ ಕಾಗದ ಅಕ್ಕನ ಕೈಗೆ ಸಿಗುವ ಮೊದಲೇ ಶಾಲೆಯ ಮೇಜಿನ ಮೇಲಿತ್ತು. ನನಗೆ ಆಗ ಹೊಟ್ಟೆ ಉರಿದದ್ದು ಇದಕ್ಕೇ. ಹಣ ಕೊಟ್ಟವಳು ಅಕ್ಕ, ಪರೀಕ್ಷೆ ಆದದ್ದು ಅವಳ ಮಗನದ್ದು, ಆದರೆ ರಿಪೋರ್ಟ್ ಮಾತ್ರ ಬೇರೆ ಯಾರಿಗೋ ಬರೆದ ಹಾಗಿತ್ತು.

ಆ ರಾತ್ರಿ ಕಾಗದದ ಫೋಟೋ ವಾಟ್ಸಾಪಿನಲ್ಲಿ ಬಂದಾಗ ನಾನು ಮೊದಲು ಮಾಡಿದ್ದು ಕಾನೂನು ಹುಡುಕಿದ್ದು. ಪತ್ರಿಕೋದ್ಯಮ ಕಲಿತದ್ದಕ್ಕೆ ಅಷ್ಟಾದರೂ ಉಪಯೋಗ ಬೇಡವೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ, ಶಾಲೆಗೆ ಸೇರಿದ ಮಗುವನ್ನು ಎಂಟನೇ ಕ್ಲಾಸು ಮುಗಿಯುವವರೆಗೆ ಹೊರಗೆ ಹಾಕುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ, ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಓದಲು, ಬರೆಯಲು, ಲೆಕ್ಕ ಮಾಡಲು ಮಾತ್ರ ಬರುವ ತೊಡಕು, ಬೇರೆಲ್ಲ ಸರಿ ಇರುತ್ತದೆ. ನಾವು ಡಿಸ್ಲೆಕ್ಸಿಯಾ ಅನ್ನುವುದು ಅದರ ಓದಿನ ಭಾಗಕ್ಕೆ. ಆ ತೊಡಕನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕ ಹಾಗೆ ಕಲಿಸಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಗುರುತಿಸಿ ಕಳುಹಿಸಬೇಕು ಅಂತ ಎಲ್ಲೂ ಇಲ್ಲ.

ಆದರೆ ಕಾನೂನು ಓದಿದರೆ ಹುಡುಗನಿಗೆ ಏನಾಗಿದೆ ಅಂತ ಗೊತ್ತಾಗುವುದಿಲ್ಲ. ಆ ಎರಡು ಪುಟದಲ್ಲಿ ಬರೆದದ್ದು ನಿಜವೂ ಇರಬಹುದಲ್ಲ? ಅಕ್ಕನಿಗೆ ನಿದ್ದೆ ಬಾರದಿದ್ದದ್ದು ಆ ಪ್ರಶ್ನೆಗೆ. ಹಾಗಾಗಿ ಶಾಲೆಗೂ, ಶಾಲೆ ಹೇಳಿದ ಕಡೆಗೂ ಸಂಬಂಧ ಇಲ್ಲದ ಇನ್ನೊಬ್ಬರ ಹತ್ತಿರ ಮೊದಲಿನಿಂದ ನೋಡಿಸುವುದು ಅಂತ ತೀರ್ಮಾನಿಸಿದೆವು.

ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಶೈಕ್ಷಣಿಕ ಮನಃಶಾಸ್ತ್ರಜ್ಞರು ಅಂತ ಇದ್ದಾರೆ. ನೋಂದಣಿ ಇಲ್ಲದೆ ಆ ಹೆಸರು ಹಾಕಿಕೊಳ್ಳುವಂತಿಲ್ಲ. ಕೆಲವರು ಸ್ಥಳೀಯ ಆಡಳಿತದಲ್ಲಿ ನೌಕರರು, ಕೆಲವರು ಸ್ವತಂತ್ರರು. ನಮ್ಮಲ್ಲಿ ಆ ಕೆಲಸ ಮಾಡುವವರು ಹೆಚ್ಚಾಗಿ ಕ್ಲಿನಿಕಲ್ ಸೈಕಾಲಜಿಸ್ಟರು. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ, ನೋಂದಣಿ ಇರಬೇಕು. ಆ ಪರಿಷತ್ತಿನ ಕಾಯ್ದೆ 1992ರದ್ದು. ಬೋರ್ಡಿನಲ್ಲಿ ಏನು ಬರೆದಿದ್ದರೂ ನೋಂದಣಿ ಸಂಖ್ಯೆ ಕೇಳಿ. ಕೇಳಿದರೆ ತಪ್ಪಿಲ್ಲ. ಕೌನ್ಸೆಲಿಂಗ್ ಕೋರ್ಸ್ ಮಾಡಿದವರು ಒಳ್ಳೆಯವರೇ ಇರಬಹುದು, ಆದರೆ ಬುದ್ಧಿಮಟ್ಟದ ಪರೀಕ್ಷೆ ಮಾಡಿ ಸಹಿ ಹಾಕುವುದು ಬೇರೆ ವಿಷಯ. ಉಡುಪಿ ಮಣಿಪಾಲದ ಕಡೆಯವರು ಈ ಮಟ್ಟಿಗೆ ಪುಣ್ಯವಂತರು, ನೋಂದಾಯಿತರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೂ ಇದ್ದಾರೆ, ಸ್ವಂತವಾಗಿ ಕೆಲಸ ಮಾಡುವವರೂ ಇದ್ದಾರೆ. ನಮಗೆ ಸಿಕ್ಕಿದವರು ಸ್ವಂತವಾಗಿ ಕೆಲಸ ಮಾಡುವ ಒಬ್ಬರು ಮೇಡಂ.

ಹೋದದ್ದು ಜೂನಿನಲ್ಲಿ. ಭಾವ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ನಿಷೇಧ, ಹಾಗಾಗಿ ಮನೆಯಲ್ಲಿದ್ದರು. ಇಲ್ಲದಿದ್ದರೆ ಅವರು ಬರುತ್ತಿರಲಿಲ್ಲ, ಮುಂದೆ ಹೇಳುವ ವಿಷಯವೂ ನಮಗೆ ಗೊತ್ತಾಗುತ್ತಿರಲಿಲ್ಲ.

ಫೋನಿನಲ್ಲೇ ಮೇಡಂ ಮೊದಲು ಎರಡು ಕೆಲಸ ಹೇಳಿದ್ದರು: ಕಿವಿ ಪರೀಕ್ಷೆ, ಕಣ್ಣಿನ ಪರೀಕ್ಷೆ. ಕೇಳದ ಮಗು, ಕಾಣದ ಮಗು ಕೂಡ ಓದುವುದಿಲ್ಲ ತಾನೆ. ಮೊದಲಿನ ಕಡೆ ಇದನ್ನು ಯಾರೂ ಕೇಳಿರಲಿಲ್ಲ. ಎರಡೂ ಸರಿ ಇತ್ತು. ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: "ಮನೆಯಲ್ಲಿ ಯಾವ ಭಾಷೆ?"

ಮೊದಲ ದಿನ ಪುಟ್ಟ ಬಾಯಿಯೇ ಬಿಡಲಿಲ್ಲ. ಅವನ ಪ್ರಕಾರ ಇದು ಇನ್ನೊಂದು ಶಾಲೆ. ಮೇಡಂ ಒಂದು ಚಿತ್ರದ ಪುಸ್ತಕ ತೆಗೆದು ಬೆಕ್ಕು ತೋರಿಸಿದರು. ಅವನು ನನ್ನ ಮುಖ ನೋಡಿದ. ಯಾವ ಭಾಷೆಯಲ್ಲಿ ಹೇಳಬೇಕು ಅಂತ ಅವನಿಗೆ ಗೊತ್ತಾಗುತ್ತಿಲ್ಲ, ತಪ್ಪಿದರೆ ಪೆಟ್ಟು ಅನ್ನುವ ಹೆದರಿಕೆ. ಮೇಡಂ ತುಳುವಿನಲ್ಲೇ ಕೇಳಿ, ಆಮೇಲೆ, "ಪುಚ್ಚೆ ಅಂದರೂ ಸರಿ, ಬೆಕ್ಕು ಅಂದರೂ ಸರಿ" ಅಂದರು. ಅವನು "ಪುಚ್ಚೆ" ಅಂದ. ಆಮೇಲೆ ಮನೆಯ ಪುಚ್ಚೆ ಬಂಗುಡೆ ಕದ್ದ ಕತೆ ಶುರುವಾಯಿತು. ನಮ್ಮನ್ನು ಹೊರಗೆ ಕಳುಹಿಸಿದ ಮೇಲೂ ಒಳಗಿನಿಂದ ಅವನ ದನಿ ಕೇಳುತ್ತಿತ್ತು.

ಮೂರು ಬೆಳಿಗ್ಗೆ ಹೋಗಬೇಕಾಯಿತು. ದಣಿದ ಮಗುವಿನ ಅಂಕ ಮಗುವಿನದ್ದಲ್ಲ, ದಣಿವಿನದ್ದು ಅಂತ ಅವರ ಲೆಕ್ಕ. ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಮಾತಿನ ಭಾಗ ಇರುತ್ತದೆ, ಜೊತೆಗೆ ಭಾಷೆ ಹೆಚ್ಚು ಬೇಡದ ಭಾಗಗಳೂ ಇರುತ್ತವೆ: ಬ್ಲಾಕ್ ಜೋಡಿಸುವುದು, ಬಿಟ್ಟುಹೋದದ್ದನ್ನು ಗುರುತಿಸುವುದು. ಅದಾದ ಮೇಲೆ ಓದು ಬರಹದ ಪರೀಕ್ಷೆ ಬೇರೆಯೇ. ಅಕ್ಷರ, ಶಬ್ದ, ಅರ್ಥವಿಲ್ಲದ ಶಬ್ದ, ಪ್ಯಾರಾ, ಉಕ್ತಲೇಖನ, ನಕಲು ಬರೆಯುವುದು, ಲೆಕ್ಕ, ನೆನಪು, ಗಮನ. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ತಯಾರಿಸಿದ ಪರೀಕ್ಷೆಗಳ ಗುಚ್ಛ ಬಳಕೆಯಲ್ಲಿದೆ. ಅರ್ಥವಿಲ್ಲದ ಶಬ್ದ ಯಾಕೆ ಅಂತ ಕೇಳಿದೆ. ಗೊತ್ತಿರುವ ಶಬ್ದವನ್ನು ಮಕ್ಕಳು ಮುಖ ನೋಡಿ ಗುರುತು ಹಿಡಿಯುತ್ತಾರೆ, ಹೊಸದನ್ನು ಮಾತ್ರ ಬಿಡಿಸಿ ಓದಬೇಕಾಗುತ್ತದೆ. ಬಿಡಿಸುವುದರಲ್ಲೇ ತೊಡಕಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಕನ್ನಡದ ವಿಷಯವೇ ಬೇರೆ. ಬೆಂಗಳೂರಿನ ಮನಃಶಾಸ್ತ್ರಜ್ಞೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಅಕ್ಷರಗಳೆಲ್ಲ ಮಕ್ಕಳ ಹಿಡಿತಕ್ಕೆ ಬರಲು ಮೊದಲ ಒಂದೆರಡು ವರ್ಷ ಸಾಲದು, ಅದು ನಾಲ್ಕನೇ ಕ್ಲಾಸಿನ ಹೊತ್ತಿಗೂ ನಡೆಯುತ್ತಲೇ ಇರುತ್ತದೆ ಅಂತ ತೋರಿಸಿದ್ದರು. ಮೂಲಾಕ್ಷರ ಐವತ್ತರ ಒಳಗೇ ಇದ್ದರೂ ಕಾಗುಣಿತ, ಒತ್ತಕ್ಷರ ಸೇರಿದರೆ ರೂಪಗಳು ನೂರಾರು. ಇಂಗ್ಲಿಷಿನ 26 ಅಕ್ಷರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಎರಡನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ತಪ್ಪಿದ ಕೂಡಲೇ ಡಿಸ್ಲೆಕ್ಸಿಯಾ ಅನ್ನಲಾಗದು. ನಮ್ಮ ಕಡೆಯದ್ದು ಇನ್ನೊಂದು ತಮಾಷೆ. ತುಳು ಮಾತಾಡುವವರ ಬಾಯಲ್ಲಿ ಮಹಾಪ್ರಾಣ ಕಡಿಮೆ. ಧನಕ್ಕೂ ದನಕ್ಕೂ ವ್ಯತ್ಯಾಸವಿಲ್ಲ. ಅದನ್ನು ತಪ್ಪಿನ ಲೆಕ್ಕಕ್ಕೆ ಹಿಡಿದರೆ ನಮ್ಮ ಊರಿಗೆ ಊರೇ ಡಿಸ್ಲೆಕ್ಸಿಯಾ ಆಗಬೇಕು. ಆ ತಪ್ಪುಗಳನ್ನು ಬದಿಗಿಟ್ಟು ಉಳಿದದ್ದನ್ನು ನೋಡಲು, ಈ ಊರಿನ ಮಾತು ಗೊತ್ತಿರುವವರು ಬೇಕು. ರಿಪೋರ್ಟಿನಲ್ಲಿ ಅದನ್ನು ಬೇರೆಯಾಗಿಯೇ ಬರೆದಿದ್ದರು.

ಎರಡನೇ ದಿನ ಮೇಡಂ ಅಪ್ಪ ಅಮ್ಮನನ್ನು ಕೂರಿಸಿ ಹಿಂದಿನದ್ದೆಲ್ಲ ಕೇಳಿದರು. ಹೆರಿಗೆ ಹೇಗಾಯಿತು, ಮಾತು ಯಾವಾಗ ಬಂತು, ಜ್ವರ, ಫಿಟ್ಸ್ ಏನಾದರೂ ಬಂದಿತ್ತಾ. ಅಕ್ಕನೇ ಎಲ್ಲ ಹೇಳುತ್ತಿದ್ದಳು, ಭಾವ ಕಿಟಕಿ ನೋಡುತ್ತಿದ್ದರು. "ಕುಟುಂಬದಲ್ಲಿ ಬೇರೆ ಯಾರಿಗಾದರೂ ಓದು ಕಷ್ಟ ಇತ್ತಾ?" ಅಂತ ಕೇಳಿದಾಗ ಅಕ್ಕ "ಇಲ್ಲ" ಅಂದಳು.

ಭಾವ ಕಿಟಕಿಯಿಂದ ಮುಖ ತಿರುಗಿಸದೆ, "ಎಂಕ್‌ಲಾ ಅಂಚನೇ ಇತ್ತ್‌ಂಡ್" ಅಂದರು. ನನಗೂ ಹಾಗೇ ಇತ್ತು.

ಮದುವೆಯಾಗಿ ಹನ್ನೆರಡು ವರ್ಷ. ಅಕ್ಕನಿಗೆ ಗೊತ್ತಿರಲಿಲ್ಲ. ಭಾವ ಆರನೇ ಕ್ಲಾಸು ಬಿಟ್ಟು ಮುಂಬಯಿ ಹೋಟೆಲಿಗೆ ಹೋದದ್ದು ಬಡತನದಿಂದ ಅಂತಲೇ ನಾವೆಲ್ಲ ತಿಳಿದಿದ್ದೆವು. ಬಡತನ ಇತ್ತು, ಹೌದು. ಆದರೆ ಅವರು ಹೇಳಿದ್ದು ಬೇರೆ: ಕನ್ನಡ ಪಾಠ ಗಟ್ಟಿಯಾಗಿ ಓದುವ ಸರದಿ ತನ್ನ ಬೆಂಚಿಗೆ ಬರುವ ಮೊದಲು ಹೊಟ್ಟೆನೋವು ಅಂತ ಹೊರಗೆ ಹೋಗುತ್ತಿದ್ದರಂತೆ. ಹೋಟೆಲಿನಲ್ಲಿ ಆರ್ಡರು ಬರೆದುಕೊಳ್ಳದೆ ಎಲ್ಲ ಬಾಯಿಪಾಠ. ಈಗಲೂ ಬ್ಯಾಂಕಿನ ಚೀಟಿ ತುಂಬಿಸಲು ಕನ್ನಡಕ ಮರೆತೆ ಅನ್ನುತ್ತಾರೆ. ಅವರಿಗೆ ಕನ್ನಡಕವೇ ಇಲ್ಲ ಅಂತ ನನಗೆ ಹೊಳೆದದ್ದು ಆಗ. ಈ ತೊಡಕು ಎಷ್ಟೋ ಸಲ ಕುಟುಂಬದಲ್ಲೇ ಹರಿದು ಬರುತ್ತದೆ, ಯಾರ ತಪ್ಪೂ ಅಲ್ಲ ಅಂತ ಮೇಡಂ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕ ಅವರ ಪಕ್ಕ ಕೂತಿದ್ದಳು. ಏನು ಮಾತಾಡಿದರೋ ಗೊತ್ತಿಲ್ಲ, ಮಳೆಯ ಶಬ್ದ ಜೋರಾಗಿತ್ತು.

ರಿಪೋರ್ಟ್ ಬಂತು, ಹನ್ನೊಂದು ಪುಟ. ಅಕ್ಕನ ಕೈಗೆ. ಬುದ್ಧಿಮಟ್ಟ ಅವನ ವಯಸ್ಸಿಗೆ ಸರಿಯಾಗಿಯೇ ಇದೆ. ಓದು ಬರಹ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಎರಡು ಕ್ಲಾಸಿಗಿಂತ ಹೆಚ್ಚು ಹಿಂದೆ. ಲೆಕ್ಕ ಬಾಯಲ್ಲಿ ಕೇಳಿದರೆ ಸರಿ, ಬರೆದು ಕೊಟ್ಟರೆ ತಪ್ಪು. ಒಂದೇ ಭಾಷೆಯಲ್ಲಿ ತೊಡಕಿದ್ದರೆ ಆ ಭಾಷೆ ಗೊತ್ತಿಲ್ಲ ಅನ್ನಬಹುದಿತ್ತು. ಕಿವಿಯಲ್ಲಿ ಕೇಳಿದರೆ ಚೆನ್ನಾಗಿ ಅರ್ಥವಾಗುವ ಭಾಷೆಯನ್ನೂ ಓದಲು ಆಗುತ್ತಿಲ್ಲ ಅಂದಾಗ ವಿಷಯ ಬೇರೆ. ಪುಟ್ಟ ಜೀನಿಯಸ್ ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. 'ತಾರೆ ಜಮೀನ್ ಪರ್' ನೋಡಿದ ಮೇಲೆ ಡಿಸ್ಲೆಕ್ಸಿಯಾ ಅಂದರೆ ಒಳಗೊಬ್ಬ ದೊಡ್ಡ ಚಿತ್ರಕಾರ ಇರಲೇಬೇಕು ಅಂತ ಜನ ಕಾಯುತ್ತಾರೆ. ನಮ್ಮವ ಬಿಡಿಸಿದ ಆನೆ ಹಂದಿಯ ಹಾಗಿರುತ್ತದೆ. ಸಾಮಾನ್ಯ ಹುಡುಗ, ಓದಲು ಕಷ್ಟ, ಅಷ್ಟೇ.

ಒಂದು ವಿಷಯದಲ್ಲಿ ನಾವು ಮೋಸ ಹೋಗುತ್ತಿದ್ದೆವು, ಮೇಡಂ ಮೊದಲೇ ಹೇಳಿದ್ದರಿಂದ ಉಳಿದೆವು. ಸ್ವತಂತ್ರ ರಿಪೋರ್ಟ್ ಬೇರೆ, ಸರ್ಕಾರಿ ಪ್ರಮಾಣಪತ್ರ ಬೇರೆ. ರಿಪೋರ್ಟ್ ಇರುವುದು ಹೇಗೆ ಕಲಿಸಬೇಕು ಅಂತ ತಿಳಿಯಲು. ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರು ಬೇಕಾದರೆ ಸರ್ಕಾರಿ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು, ಖಾಸಗಿ ಕಾಗದ ಸಾಲದು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಎಂಟು ವರ್ಷ ತುಂಬಿದ ಮೇಲೆಯೇ ಅದು ಸಿಗುತ್ತಿತ್ತು, 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಮಾಡಿಸಬೇಕಿತ್ತು. ಅದೇ ವರ್ಷದ ಇನ್ನೊಂದು ಮಾರ್ಗಸೂಚಿಯಲ್ಲಿ, ಶೇ. 40 ಅಥವಾ ಹೆಚ್ಚಿನ ನ್ಯೂನತೆ ಇದ್ದು, ಬರೆಯಲು ಸಹಾಯ ಬೇಕಾದವರಿಗೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಅಂತ ಇತ್ತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗುವಾಗ ಹನ್ನೊಂದು ಪುಟವನ್ನೂ ತೆಗೆದುಕೊಂಡು ಹೋದೆವು.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ನಿಷೇಧದ ತಿಂಗಳಲ್ಲಿ ಬೋಟಿಗೆ ಹೋಗುವವರ ಮನೆಯಲ್ಲಿ ದೊಡ್ಡ ನೋಟುಗಳು ಓಡಾಡುವುದಿಲ್ಲ. ಒಂದು ಭಾಗ ನಾನು ಕೊಟ್ಟೆ, ಒಂದು ಭಾಗ ಅಕ್ಕನ ಸಂಘದ ಸಾಲ. ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡುವವರು ಹಾಗೆಯೇ ಮಾಡಿ, ಅದು ಕಡಿಮೆಯದ್ದಲ್ಲ. ಎಲ್ಲಿಗೆ ಹೋದರೂ ಮೂರು ಮಾತು ಮೊದಲೇ ಕೇಳಿ: ಮಗುವಿನ ಮನೆಮಾತಿನಲ್ಲಿ ಮಾತಾಡುತ್ತೀರಾ, ಎಷ್ಟು ದಿನ ನೋಡುತ್ತೀರಿ, ರಿಪೋರ್ಟ್ ಯಾರ ಕೈಗೆ ಕೊಡುತ್ತೀರಿ.

ಶಾಲೆ ಏನಾಯಿತು ಅಂತ ಕೇಳುತ್ತೀರಿ. ರಿಪೋರ್ಟ್ ತೋರಿಸಿದ ಮೇಲೆ ಟಿ.ಸಿ. ಮಾತು ನಿಂತಿತು. ಕ್ಲಾಸ್ ಟೀಚರು ಪಾಪ, ಗಟ್ಟಿಯಾಗಿ ಓದಿಸುವುದನ್ನು ನಿಲ್ಲಿಸಿದರು. ಆದರೂ ವರ್ಷದ ಕೊನೆಗೆ ಅಕ್ಕನೇ ಬಿಡಿಸಿ ಊರಿನ ಸರ್ಕಾರಿ ಕನ್ನಡ ಶಾಲೆಗೆ ಹಾಕಿದಳು. ಒಂದು ಭಾಷೆಯ ಓದು ಗಟ್ಟಿಯಾಗಲಿ, ಇನ್ನೊಂದು ನಿಧಾನಕ್ಕೆ ಬರಲಿ ಅಂತ. ಇಂಗ್ಲಿಷ್ ಮೀಡಿಯಂ ಬಿಡಿಸುವುದು ನಮ್ಮೂರಿನಲ್ಲಿ ಎಷ್ಟು ದೊಡ್ಡ ಮರ್ಯಾದೆಯ ಪ್ರಶ್ನೆ ಅಂತ ನಿಮಗೆ ಗೊತ್ತು. ಮದುವೆ ಮನೆಗಳಲ್ಲಿ ಅಕ್ಕ ಇನ್ನೂ ಉತ್ತರ ಕೊಡುತ್ತಿದ್ದಾಳೆ. ಎಲ್ಲರೂ ಹೀಗೆ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ಮೇಡಂ ಕೂಡ ಹೇಳಿರಲಿಲ್ಲ.

ಪುಟ್ಟ ಈಗ ಏಳನೇ ಕ್ಲಾಸು. ಶನಿವಾರ ಮಧ್ಯಾಹ್ನ ಉಡುಪಿಯಲ್ಲಿ ವಿಶೇಷ ಶಿಕ್ಷಕಿಯ ಹತ್ತಿರ ಹೋಗುತ್ತಾನೆ. ಈಗಲೂ ನಿಧಾನ. ಸ್ಕೇಲಿನ ವಿಷಯಕ್ಕೆ ನಾನು ಅವನ ಹತ್ತಿರ ತಪ್ಪಾಯಿತು ಅಂದೆ, ಅವನು "ಯಾವ ಸ್ಕೇಲು?" ಅಂದ. ನೆನಪಿಲ್ಲವೋ, ಇಲ್ಲದ ಹಾಗೆ ಮಾಡಿದನೋ.

ಮೊನ್ನೆಯ ನಿಷೇಧದಲ್ಲಿ ಅವನನ್ನು ಕರೆದುಕೊಂಡು ಹೋದದ್ದು ಭಾವ. ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ನಾನೂ ಸಿಕ್ಕಿದೆ. ಎದುರಿಗೆ ಕಾರ್ಕಳ ಬಸ್ಸು ನಿಂತಿತ್ತು. ಕಾರ್ಕಳದಲ್ಲಿ ಅರ್ಕಾವತ್ತು ಇದೆಯಲ್ಲ, ಬಾಯಲ್ಲಿ ರಕಾರ ಮೊದಲು ಬರುತ್ತದೆ, ಬೋರ್ಡಿನಲ್ಲಿ ಅದರ ಗುರುತು ಕಕಾರದ ನಂತರ ಇರುತ್ತದೆ. ಪುಟ್ಟ ಬೆರಳು ಗಾಳಿಯಲ್ಲಿ ಆಡಿಸುತ್ತಾ ಒಂದೊಂದೇ ಅಕ್ಷರ ಬಿಡಿಸಿದ. ಭಾವ ಅವನ ಪಕ್ಕ ನಿಂತು, ತುಟಿ ಮಾತ್ರ ಆಡಿಸುತ್ತಾ ಅದನ್ನೇ ಓದುತ್ತಿದ್ದರು. ಬಸ್ಸು ಹೊರಟಿತು. "ಅದು ನಮ್ಮದಲ್ಲ ಅಪ್ಪಾ" ಅಂದ ಪುಟ್ಟ. "ಗೊತ್ತುಂಟು ಮಾರಾಯ, ಓದಿದ್ದು ಅಷ್ಟೇ" ಅಂದರು ಭಾವ.