ನೋಡುವ ಮುನ್ನವೇ ಕೊಟ್ಟ ತೀರ್ಪು

ಚಿತ್ರಮಂದಿರದ ಬಾಗಿಲಲ್ಲಿ ಟಿಕೀಟಿನೊಡನೆ ತೀರ್ಪನ್ನೂ ಕೊಂಡು ಒಳಹೋಗುವ ಪ್ರೇಕ್ಷಕರುಂಟು. ಒಳಗೆ ಅವರು ಕಳೆಯುವ ಎರಡೂವರೆ ಗಂಟೆ ಆ ತೀರ್ಪಿಗೆ ಸಾಕ್ಷ್ಯ ಸಂಗ್ರಹಿಸುವುದಕ್ಕಾಗಿ ಮಾತ್ರ. ಕಾದಂಬರಿ ಓದಿ ಬಂದವರ ಪಾಡು ಇನ್ನೂ ಕಷ್ಟದ್ದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ತೆಗೆದಾಗ, ಬಿಟ್ಟುಹೋದ ಪುಟಗಳನ್ನು ಎಣಿಸುತ್ತ ಕುಳಿತವರಿಗೆ ಚಿತ್ರದುರ್ಗದ ಬಂಡೆಗಳು ಕಾಣಿಸಲೇ ಇಲ್ಲ. ಆದರೂ ಇವರೆಲ್ಲ ಒಂದು ಬಗೆಯಲ್ಲಿ ಶ್ರಮಜೀವಿಗಳು. ಚಿತ್ರವನ್ನು ನೋಡುವ ತೊಂದರೆಯನ್ನೇ ತೆಗೆದುಕೊಳ್ಳದೆ ತೀರ್ಪು ಕೊಡುವ ಸಮರ್ಥರು ಬೇರೆಯೇ ಇದ್ದಾರೆ.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿದ್ದ ಮುಖ್ಯೋಪಾಧ್ಯಾಯರೊಬ್ಬರು ಅಂಥವರು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಸಿದ್ಧವಾಯಿತು. ಅನಂತಮೂರ್ತಿಯವರು 1965ರಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ಮದರಾಸಿನ ಸೆನ್ಸಾರ್ ಮಂಡಳಿಯವರು ಮೊದಲು ಅದನ್ನು ತಡೆದರು. ನಿಷೇಧ ತೆರವಾದ ಬಳಿಕ, ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪತಿಗಳ ಸ್ವರ್ಣಪದಕ ಅದಕ್ಕೇ ದೊರೆಯಿತು. ಕನ್ನಡಕ್ಕೆ ಅಂಥ ಪದಕ ಬಂದುದು ಅದೇ ಮೊದಲು. ಪದಕದಿಂದ ಮುಖ್ಯೋಪಾಧ್ಯಾಯರ ಮನಸ್ಸೇನೂ ಕರಗಲಿಲ್ಲ. ಅಗ್ರಹಾರದಲ್ಲಿ ಹುಟ್ಟಿ ಬೆಳೆದವರು ಅವರು. “ನಮ್ಮ ಮನೆಯಿಂದ ಯಾರೂ ಹೋಗತಕ್ಕದ್ದಲ್ಲ” ಎಂದರು. ಕಾಲೇಜಿನಲ್ಲಿ ಓದುತ್ತಿದ್ದ ಮಗ ಹೋದ. ಹೋದುದಷ್ಟೇ ಅಲ್ಲ, ರಾತ್ರಿಯ ಊಟದ ಹೊತ್ತಿನಲ್ಲಿ, “ನೋಡಿಯಾದರೂ ಬೈಯಬಾರದೆ?” ಎಂದು ಕೇಳಿಯೂಬಿಟ್ಟ. ತಂದೆ ಎಲೆಯ ಮುಂದಿನಿಂದ ಎದ್ದರು. ಅನಂತರ ಹಲವು ದಿನಗಳವರೆಗೆ ಆ ಮನೆಯಲ್ಲಿ ತಂದೆ ಮಕ್ಕಳ ಮಾತುಕತೆ ತಾಯಿಯ ಮೂಲಕವೇ ನಡೆಯಿತು.

ಹಾಗೆಂದು ಮಗನ ಮನಸ್ಸು ತೆರೆದ ಬಾಗಿಲಾಗಿತ್ತೆಂದು ತಿಳಿಯಬಾರದು. ಎರಡು ವರ್ಷಗಳ ಬಳಿಕ ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ ಬಂದು ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ತಂದೆ ಸಂಸಾರಸಮೇತ ಎರಡು ಬಾರಿ ನೋಡಿ ಬಂದರು. ಮಗ ಮಾತ್ರ, “ಅಷ್ಟು ಜನ ನೋಡುವ ಚಿತ್ರದಲ್ಲಿ ಏನಿದ್ದೀತು?” ಎಂದು ನಕ್ಕು ಮನೆಯಲ್ಲೇ ಉಳಿದ. ತಂದೆಗೆ ಅಗ್ರಹಾರದ ಹೆಸರು ಸಾಕಾಗಿತ್ತು, ಮಗನಿಗೆ ಟಿಕೀಟಿನ ಸಾಲು. ಕಾಯಿಲೆ ಒಂದೇ, ಓದಿದವರಲ್ಲಿ ಅದಕ್ಕೆ ಅಭಿರುಚಿ ಎಂಬ ಹೆಸರು.

ಮಗನಿಗೆ ಆ ಚಿತ್ರವನ್ನು ನೋಡುವ ಯೋಗ ಬಂದುದು ನಡುವಯಸ್ಸಿನಲ್ಲಿ, ದೂರದರ್ಶನದ ಮುಂದೆ. ಬರಡು ನೆಲವನ್ನು ಹಸನುಗೊಳಿಸಿ, ಅಕ್ಕನ ಮಕ್ಕಳನ್ನು ಸಾಕಿ ದೊಡ್ಡವರನ್ನು ಮಾಡಿದ ರಾಜೀವ, ಕೊನೆಗೆ ಸಂಶಯದ ಮಾತು ಕೇಳಬೇಕಾಗಿ ಬಂದಾಗ ವಾದಿಸದೆ ಮನೆ ಬಿಟ್ಟು ನಡೆದುಬಿಡುತ್ತಾನೆ. ಅಷ್ಟು ಹೊತ್ತಿಗೆ ತಾನೂ ಕುಟುಂಬದ ಭಾರ ಹೊತ್ತಿದ್ದವನು ಕನ್ನಡಕ ತೆಗೆದು ಒರೆಸಿಕೊಂಡ. ಹಾಡುಗಳು ಹೆಚ್ಚಾದುವೆಂಬ ಆಕ್ಷೇಪಣೆಯನ್ನು ಮಾತ್ರ ಬಿಡಲಿಲ್ಲ.

ತಂದೆ ‘ಸಂಸ್ಕಾರ’ವನ್ನು ನೋಡಿದುದೂ ಅದೇ ಪೆಟ್ಟಿಗೆಯಲ್ಲಿ, ನಿವೃತ್ತರಾದ ಎಷ್ಟೋ ವರ್ಷಗಳ ಮೇಲೆ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ. ನಾರಣಪ್ಪನ ಹೆಣ ಮನೆಯಲ್ಲಿ ಬಿದ್ದಿದೆ. ಆಚಾರಗೆಟ್ಟವನಿಗೆ ಸಂಸ್ಕಾರ ಮಾಡುವವರು ಯಾರೆಂಬುದು ತೀರ್ಮಾನವಾಗುವವರೆಗೆ ಅಗ್ರಹಾರ ಉಪವಾಸ. ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಿದ್ದಾರೆ. ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿಟ್ಟೊಡನೆ, ಬೇಡವೆನ್ನುತ್ತಿದ್ದವರ ಕಣ್ಣುಗಳು ಅತ್ತ ಹೊರಳುತ್ತವೆ.

ಸಂಜೆ ಮಗ ಬಂದಾಗ ಅವರು ಕತ್ತಲಲ್ಲೇ ಕುಳಿತಿದ್ದರು. ದೀಪ ಹಾಕಗೊಡಲಿಲ್ಲ. “ಪ್ರಾಣೇಶಾಚಾರ್ಯನ ಪಾತ್ರ ಸರಿಯಿಲ್ಲ. ಅಷ್ಟು ಓದಿದವನು ಅಷ್ಟು ಬೇಗ ಕುಸಿಯುವುದಿಲ್ಲ” ಎಂದರು. ಮಗ ಸುಮ್ಮನಿದ್ದ. ಇಷ್ಟು ವರ್ಷಗಳಲ್ಲಿ ಅವರು ಆ ಚಿತ್ರದ ಮೇಲೆ ಹೊರಿಸಿದ ಮೊದಲನೆಯ ನಿಜವಾದ ಆಕ್ಷೇಪಣೆ ಅದು. ಅದಕ್ಕೆ ಉತ್ತರಿಸಬೇಕಾದರೆ ತಾನೂ ಇನ್ನೊಮ್ಮೆ ನೋಡಬೇಕಾಗುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಮುದುಕರು ಬೇರೆಯೇ ದನಿಯಲ್ಲಿ, ತಾವು ಹುಡುಗನಾಗಿದ್ದಾಗ ತಮ್ಮ ಬೀದಿಯಲ್ಲಿ ಒಬ್ಬ ವಿಧವೆ ಸತ್ತುದನ್ನೂ, ಹೆಣಕ್ಕೆ ಹೆಗಲು ಕೊಡುವವರಾರೆಂದು ಹಿರಿಯರು ಜಗಲಿಯ ಮೇಲೆ ಸಾಯಂಕಾಲದವರೆಗೂ ವಾದ ಮಾಡಿದುದನ್ನೂ ಹೇಳತೊಡಗಿದರು. ಅಡಿಗೆಮನೆಯಿಂದ ಬಂದ ತಾಯಿ ಬಾಗಿಲಲ್ಲೇ ನಿಂತರು. ಮದುವೆಯಾದಂದಿನಿಂದ ಆ ಸಂಗತಿಯನ್ನು ಅವರೂ ಕೇಳಿರಲಿಲ್ಲ.