ನನ್ನೊಳಗಿನ ಕಿನ್ನರಿ ಬೊಮ್ಮಯ್ಯ

ಕಲ್ಯಾಣದಲ್ಲಿ ಅಕ್ಕಮಹಾದೇವಿ ಪರೀಕ್ಷೆಗೆ ಒಳಗಾಗುವ ಶೂನ್ಯಸಂಪಾದನೆಯ ಪ್ರಸಂಗ ಓದುವಾಗಲೆಲ್ಲ ನನಗೆ ಒಂದು ಬಗೆಯ ನೆಮ್ಮದಿಯಾಗುತ್ತಿತ್ತು. ಕಿನ್ನರಿ ಬೊಮ್ಮಯ್ಯ ಅವಳನ್ನು ತಡೆದು ಪರೀಕ್ಷಿಸುತ್ತಾನೆ. ಆಮೇಲೆ ಅಲ್ಲಮಪ್ರಭುವಿನ ಸರದಿ: ನಿನ್ನ ಗಂಡ ಯಾರು? ಬಟ್ಟೆ ತೊರೆದವಳು ಕೂದಲಿನಿಂದ ಮೈ ಮರೆಮಾಡಿಕೊಂಡದ್ದೇಕೆ? ನೋಡುವ ನಿಮಗೆ ನೋವಾಗದಿರಲಿ ಎಂದು, ಎಂಬರ್ಥದ ಉತ್ತರ ಅಕ್ಕನದು. ಶರಣರ ಸಭೆ ತಲೆಬಾಗುತ್ತದೆ. ಗೆದ್ದಳಲ್ಲ ಎಂದು ನನ್ನ ಎದೆಯೂ ಹಗುರಾಗುತ್ತಿತ್ತು. ಅರವತ್ತು ದಾಟಿದ ಮೇಲೆ ಈಗ ಆ ನೆಮ್ಮದಿಯನ್ನೇ ಹಿಡಿದು ನೋಡುತ್ತಿದ್ದೇನೆ. ಅವಳು ಗೆದ್ದಳೆಂದು ಹಿಗ್ಗಬೇಕಾದರೆ ಪರೀಕ್ಷೆ ಸರಿಯಾದದ್ದೆಂದು ನಾನು ಮೊದಲೇ ಒಪ್ಪಿಕೊಂಡಿರಬೇಕು.

ನಂದಿನಿ ಲೇಔಟಿನ ನಮ್ಮ ಮನೆಗೆ ಸ್ನೇಹಿತರೊಬ್ಬರು ಬರುತ್ತಾರೆ. ಕಚೇರಿಯಲ್ಲಿ ಜೊತೆಗಿದ್ದವರು, ವಚನಗಳ ರುಚಿ ಹತ್ತಿಸಿದವರು. ಮದುವೆಯಾಗದೆ ಉಳಿದ ಹೆಣ್ಣು ನಾನು, ಇಂಥ ವಿಷಯ ಮನಬಿಚ್ಚಿ ಮಾತಾಡಲು ನನಗೆ ಬೇರೆ ಯಾರೂ ಇಲ್ಲ. ಅವರು ಬಂದಾಗ ನಾನು ಬೀದಿ ಬಾಗಿಲನ್ನು ತೆರೆದೇ ಇಡುತ್ತೇನೆ. ರಿಂಗ್ ರೋಡಿನ ಧೂಳು, ಸಂಜೆಯ ಸೊಳ್ಳೆ ಒಳಗೆ ಬಂದರೂ ಮುಚ್ಚುವುದಿಲ್ಲ. ಹಾಗೆ ಮಾಡೆಂದು ಹೇಳಿದವರಿಲ್ಲ, ಎದುರುಮನೆಯವರು ಒಂದು ದಿನವೂ ಕೊಂಕು ನುಡಿದಿಲ್ಲ. ಬೊಮ್ಮಯ್ಯ ನನ್ನೊಳಗೇ ಕೂತಿದ್ದಾನೆ. ಬಾಗಿಲು ತೆರೆದಿದ್ದರಿಂದಲೇ ಈ ಸ್ನೇಹ ಇಷ್ಟು ವರ್ಷ ಬಾಳಿತೇನೋ, ಅದೂ ಸುಳ್ಳಲ್ಲ. ಆದರೆ ನನ್ನ ಅಣ್ಣ ತೀರಿಕೊಂಡ ವರ್ಷ ಅವರು ಬಂದು ಎದುರಿಗೆ ಕೂತಾಗ ನಾನು ಅಳಲಿಲ್ಲ. ಬೀದಿಯಲ್ಲಿ ಜನ ಓಡಾಡುತ್ತಿದ್ದರು.

ಅಕ್ಕನ ಪರೀಕ್ಷೆ ಎಲ್ಲಿಂದ ಬಂತೆಂದು ಹಿಂದಕ್ಕೆ ಹೋಗಿ ನೋಡಿದೆ. 1200ರ ಆಸುಪಾಸಿನ ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಅವಳು ಕೌಶಿಕನನ್ನು ಮದುವೆಯಾಗುತ್ತಾಳೆ, ಅವನನ್ನು ಬಿಟ್ಟು ಶ್ರೀಶೈಲಕ್ಕೆ ನಡೆಯುತ್ತಾಳೆ. ಕಲ್ಯಾಣದ ಸಭೆ ಅಲ್ಲಿಲ್ಲವೇ ಇಲ್ಲ. 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಚಾಮರಸ ಪ್ರಭುಲಿಂಗಲೀಲೆ ಬರೆಯುವ ಹೊತ್ತಿಗೆ ಆ ಮದುವೆಯೇ ನಡೆಯದಂತಾಗುತ್ತದೆ. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶರಣರ ವಚನಗಳನ್ನು ಜೋಡಿಸಿ ಶೂನ್ಯಸಂಪಾದನೆಯ ಸಂವಾದ ಕಟ್ಟುತ್ತಾನೆ. ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಅದನ್ನು ಮತ್ತೆ ಮತ್ತೆ ಸಂಪಾದಿಸುತ್ತಾರೆ. ಅಷ್ಟೊಂದು ವಚನಗಳನ್ನು ನಮಗೆ ಉಳಿಸಿಕೊಟ್ಟವರು ಅವರು, ಆ ಋಣ ತೀರುವಂಥದ್ದಲ್ಲ. ಆದರೂ ವಿರಕ್ತರ ನಡುವೆ ವಿರಕ್ತೆಯೊಬ್ಬಳು ಬಂದು ಕೂರಬೇಕಾದರೆ ಮೊದಲು ಏನನ್ನು ದಾಟಿ ಬರಬೇಕು ಎಂಬುದನ್ನು ಜೋಡಿಸಿಟ್ಟವರು ಗಂಡಸರೇ.

ವಿರಕ್ತರೂ ವಿರಕ್ತೆಯರೂ ಎದುರಾಗುವ ಈ ತೊಡಕನ್ನು ಯುರೋಪಿನಲ್ಲಿ ಗೋಡೆ ಕಟ್ಟಿಯೇ ಬಗೆಹರಿಸಲು ನೋಡಿದರು. ಸಂನ್ಯಾಸಿನಿಯರು ಮಠ ಬಿಟ್ಟು ಹೊರಬರಕೂಡದೆಂದು 1298ರಲ್ಲಿ ಪೋಪ್ ಎಂಟನೆಯ ಬೋನಿಫೇಸ್ ಕಟ್ಟಳೆ ಮಾಡಿದ. ಅವರ ಪಾಪನಿವೇದನೆ ಕೇಳಲು, ಉಪದೇಶ ಮಾಡಲು ಮಾತ್ರ ಗಂಡಸರೇ ಬೇಕಿತ್ತು. ಮುಂದಿನ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಟೋಸ್ ಮಠದ ಎಲ್ಸ್‌ಬೆತ್ ಸ್ಟಾಗೆಲ್ ಎಂಬ ಡೊಮಿನಿಕನ್ ಸಂನ್ಯಾಸಿನಿ, ಅದೇ ಪಂಥದ ಹೈನ್ರಿಕ್ ಸೂಸೊ ತನ್ನ ಬದುಕಿನ ಬಗ್ಗೆ ಹೇಳಿದ್ದನ್ನೆಲ್ಲ ಗುಟ್ಟಾಗಿ ಬರೆದಿಟ್ಟುಕೊಂಡಳು. ಗೊತ್ತಾದಾಗ ಅವನು ಇಸಿದುಕೊಂಡು ಸುಟ್ಟ. ಉಳಿದ ಭಾಗವನ್ನೂ ಸುಡಲು ಹೊರಟಾಗ ದೇವರೇ ತಡೆದನೆಂದು ಅವನ ಆತ್ಮಕಥೆಯೇ ಹೇಳುತ್ತದೆ. ಹಾಗೆ ಉಳಿದದ್ದರ ಮೇಲೆ ನಿಂತ ಆ ಪುಸ್ತಕ ಅವನ ಹೆಸರಿನಲ್ಲಿದೆ.

ಸ್ಟಾಗೆಲ್‌ಳ ಕಥೆ ಓದಿದ ದಿನ ನನ್ನ ಹಳೆಯ ನೋಟ್‌ಬುಕ್ ತೆಗೆದೆ. ಅದರ ತುಂಬ ಆ ಸ್ನೇಹಿತರ ಮಾತುಗಳೇ, ಪ್ರತಿ ವಚನಕ್ಕೂ ಅವರು ಹೇಳಿದ ಅರ್ಥಗಳೇ. ಅವುಗಳಲ್ಲಿ ಎಷ್ಟೋ ನನ್ನ ಪ್ರಶ್ನೆಗಳಿಂದ ಹುಟ್ಟಿದವು, ಕೆಲವು ನನ್ನ ತಕರಾರಿಗೆ ಅವರು ಸೋತು ಬದಲಿಸಿಕೊಂಡವು. ನನ್ನ ಪ್ರಶ್ನೆ ಒಂದೂ ಅಲ್ಲಿರಲಿಲ್ಲ. ಅವರು ಅಳಿಸಿದ್ದಲ್ಲ, ನಾನೇ ಬರೆದಿರಲಿಲ್ಲ.

ಶೂನ್ಯಸಂಪಾದನೆಯಲ್ಲೇ ಇನ್ನೊಬ್ಬಳಿದ್ದಾಳೆ, ಮುಕ್ತಾಯಕ್ಕ. ಅವಳನ್ನು ನಾನು ಇಷ್ಟು ವರ್ಷ ಅವಸರದಲ್ಲಿ ದಾಟಿಹೋಗಿದ್ದೆ. ಅಣ್ಣನೂ ಗುರುವೂ ಆದ ಅಜಗಣ್ಣ ತೀರಿಹೋದ ದುಃಖದಲ್ಲಿ ಅವಳಿರುವಾಗ ಅಲ್ಲಮ ಬರುತ್ತಾನೆ. ಅಲ್ಲಿ ಗಂಡನ ಮಾತಿಲ್ಲ, ಮೈಯ ಮಾತಿಲ್ಲ. ಸಾವು, ಅರಿವು, ನುಡಿಯ ಮಿತಿ, ಇವುಗಳ ಬಗ್ಗೆ ಇಬ್ಬರೂ ಸಮಸಮವಾಗಿ ವಾದಿಸುತ್ತಾರೆ. ಅರಿತವನಾದರೆ ನಿನಗೆ ಇನ್ನೂ ಮಾತಿನ ಹಂಗೇಕೆ ಎಂದು ಅವಳು ಅಲ್ಲಮನನ್ನೇ ತಡೆದು ನಿಲ್ಲಿಸುತ್ತಾಳೆ. ಅದೇ 15ನೆಯ ಶತಮಾನ, ಅದೇ ಸಂಕಲನಕಾರರು. ಹೆಣ್ಣನ್ನು ಪರೀಕ್ಷಿಸದೆಯೂ ಅವಳ ಜೊತೆ ಮಾತಾಡಬಹುದೆಂದು ಅವರಿಗೆ ಗೊತ್ತಿತ್ತು. ಗೊತ್ತಾಗಲು ತಡವಾದದ್ದು ನನಗೆ.

ನಮ್ಮ ಬಡಾವಣೆಯ ವಚನ ಓದಿನ ಗುಂಪಿನಲ್ಲಿ ಮುಂದಿನ ವಾರದಿಂದ ಮುಕ್ತಾಯಕ್ಕನನ್ನು ಹಿಡಿಯೋಣ ಎಂದೆ. "ಬೇಡಮ್ಮ, ಅಕ್ಕನ ಪರೀಕ್ಷೆಯನ್ನೇ ಇನ್ನೊಮ್ಮೆ ಓದೋಣ, ಕೇಳೋಕೆ ಚೆಂದ" ಎಂದರು ಹಿರಿಯರೊಬ್ಬರು. ಸಾಮಾನ್ಯವಾಗಿ ಅವರ ಮಾತಿಗೆ ಹೂಂಗುಟ್ಟುವವಳು ಈ ಸಲ ಒಪ್ಪಲಿಲ್ಲ. ಓದಿದಾಗ ಹುಟ್ಟುವ ಪ್ರಶ್ನೆಗಳನ್ನು ಬರೆದಿಡುತ್ತೇನೆಂದೂ ಹೇಳಿದ್ದೇನೆ, ಯಾರು ಕೇಳಿದರು ಎಂಬ ಹೆಸರಿನ ಸಮೇತ.